ಹೆಣಕ್ಕೆ ಬೆನ್ನು ತೋರಿಸದವನು

ಮುನಿಲಕ್ಷ್ಮಮ್ಮ ತನ್ನ ಗಂಡನನ್ನು ಮೊದಲ ಸಲ ನೋಡಿದ್ದು ಅಪ್ಪನ ಹೆಣದ ಮುಂದೆ. ಆಗ ಅವಳಿಗೆ ಹದಿನಾರೋ ಹದಿನೇಳೋ. ಕೆಂಗೇರಿಯಿಂದ ಒಳಗೆ, ಇಟ್ಟಿಗೆ ಗೂಡುಗಳಿಗೆ ಅಂಟಿಕೊಂಡ ಕೇರಿಯಲ್ಲಿ ಅವರ ಮನೆ. ಅಪ್ಪ ಗೂಡಿನಿಂದ ರೈಲ್ವೆ ಸ್ಟೇಷನ್ನಿಗೆ ಇಟ್ಟಿಗೆ ಗಾಡಿ ಹೊಡೆಯುತ್ತಿದ್ದ. ಒಂದು ಬೆಳಿಗ್ಗೆ ಎತ್ತುಗಳು ತಮ್ಮಷ್ಟಕ್ಕೆ ತಾವೇ ಗಾಡಿಯನ್ನು ಮನೆಯ ಮುಂದೆ ತಂದು ನಿಲ್ಲಿಸಿದವು. ಅಪ್ಪ ಇಟ್ಟಿಗೆಗೆ ಒರಗಿಕೊಂಡೇ ಇದ್ದ. ಮುಟ್ಟಿ ನೋಡಿದರೆ ಮೈ ತಣ್ಣಗಿತ್ತು.

ಸೋದರಮಾವ ಮೂಡಲಪಾಳ್ಯಕ್ಕೆ ಹೋಗಿ ತಮಟೆಯವರನ್ನು ಕರೆತಂದ. ಬಂದವರಲ್ಲಿ ಒಬ್ಬನ ಕೈಯಲ್ಲಿ ತಮಟೆ ಇರಲಿಲ್ಲ. ಸಣಕಲು ಮೈ, ಉದ್ದನೆ ಕಾಲು, ಸೊಂಟಕ್ಕೆ ಕೆಂಪು ವಸ್ತ್ರ, ಹೆಗಲಿಗೆ ನೇತುಹಾಕಿದ ಹಿತ್ತಾಳೆ ಗೆಜ್ಜೆ. ಬಂದವನೇ ಯಾರನ್ನೂ ಮಾತಾಡಿಸದೆ ಬಾಗಿಲ ಮುಂದಿನ ಗಡಿಗೆಯಿಂದ ಕಾಲು ತೊಳೆದುಕೊಂಡ. ಆಮೇಲೆ ಒಬ್ಬನೇ ಸ್ಮಶಾನದ ದಾರಿಗೆ ಬೆನ್ನು ಮಾಡಿ, ಮನೆಯ ಕಡೆಗೇ ಮುಖ ಇಟ್ಟುಕೊಂಡು, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಾ ಹೋದ. ಹುಣಸೆ ಮರ ದಾಟಿ, ಗೂಡು ದಾಟಿ, ಕಣ್ಣಿಗೆ ಮರೆಯಾಗುವವರೆಗೂ ಹಾಗೇ ಹೋದ. ಬೀದಿಯ ಮಕ್ಕಳು ನಕ್ಕವು. ಮುನಿಲಕ್ಷ್ಮಮ್ಮ ಅಳುತ್ತಲೇ, ಇವನಿಗೇನು ತಲೆ ಸರಿಯಿಲ್ಲವೇ ಅಂದುಕೊಂಡಳು.

ಚಟ್ಟ ಎತ್ತಿದ ಮೇಲೆ ಗೊತ್ತಾಯಿತು. ತಮಟೆ ಬಿದ್ದದ್ದೇ ತಡ, ಅವನು ಚಟ್ಟಕ್ಕೆ ಎದುರಾಗಿ ನಿಂತು ಕುಣಿಯತೊಡಗಿದ. ಹುಲ್ಲಿನ ದಿಂಬಿನ ಮೇಲೆ ಎತ್ತಿಟ್ಟಿದ್ದ ಅಪ್ಪನ ಮುಖದಿಂದ ಅವನ ಕಣ್ಣು ಒಂದು ಗಳಿಗೆಯೂ ಕದಲಲಿಲ್ಲ. ಕುಣಿತ ಪೂರ್ತಿ ಹಿಂದಕ್ಕೆ. ಗೂಡಿನ ಪಕ್ಕ ಒಡೆದ ಇಟ್ಟಿಗೆಯ ಗುಡ್ಡೆಯೊಂದು ದಾರಿಯ ಅರ್ಧಕ್ಕೆ ಚಾಚಿಕೊಂಡಿತ್ತು. ಅಯ್ಯೋ ಬಿದ್ದ ಅಂತ ಅವಳು ಉಸಿರು ಹಿಡಿದಳು. ಅವನ ಬಲಗಾಲ ಹಿಮ್ಮಡಿ ಇಟ್ಟಿಗೆಯ ಅಂಚನ್ನು ಸವರಿತು, ಕುರುಡನ ಬೆರಳು ಗೋಡೆ ಸವರುವ ಹಾಗೆ. ಮೈ ಹೊರಳಿತು, ಗೆಜ್ಜೆಯ ಲಯ ತಪ್ಪಲಿಲ್ಲ, ಗುಡ್ಡೆ ಪಕ್ಕಕ್ಕೆ ಉಳಿಯಿತು. ಬೆಳಗಿನಿಂದ ಅಳುತ್ತಿದ್ದವಳು ಅಳು ನಿಲ್ಲಿಸಿ ಪರಗಂಡಸಿನ ಹಿಮ್ಮಡಿ ನೋಡುತ್ತಾ ನಡೆದಿದ್ದೇನೆ ಅನ್ನುವುದು ಅರ್ಧ ದಾರಿಯಲ್ಲಿ ಹೆಂಗಸರೆಲ್ಲ ಹಿಂದಿರುಗುವಾಗ ಅವಳ ಅರಿವಿಗೆ ಬಂದು, ನಾಚಿಕೆಯಾಯಿತು.

ಸಂಜೆ ತಮಟೆಯವರು ಊಟಕ್ಕೆ ಕೂತಾಗ ಅವನಿಗೆ ನೀರು ಕೊಟ್ಟವಳು ಅವಳೇ. ತಡೆಯಲಾರದೆ ಕೇಳಿಯೂಬಿಟ್ಟಳು.

"ಬೆನ್ನ ಹಿಂದೆ ಇಟ್ಟಿಗೆ ಇರೋದು ನಿಂಗೆಂಗ್ ಗೊತ್ತಾಯ್ತು?"

"ಬೆಳಿಗ್ಗೆ ನೋಡ್ಕೊಂಡ್ ಬಂದಿದ್ನಲ್ಲಮ್ಮಿ."

"ಎಲ್ ನೋಡ್ದೆ? ಮುಖ ಇತ್ಲಾಗೆ ಇತ್ತು."

"ಹಿಮ್ಮಡೀಲಿ ನೋಡ್ದೆ," ಅಂದ. ಒಂದು ಗುಟುಕು ನೀರು ಕುಡಿದು ಮುಂದುವರಿಸಿದ: "ಕಣ್ಣು ನಿಮ್ಮಪ್ಪಂಗೆ ಬೇಕಾಗಿತ್ತಲ್ಲ."

ಅವನ ಹೆಸರು ಮುನಿವೆಂಕಟಪ್ಪ ಅಂತ ಅವಳಿಗೆ ತಿಳಿದದ್ದು ಮಾರನೆಯ ವರ್ಷ, ಸೋದರಮಾವ ಮದುವೆ ಮಾತು ತಂದಾಗ. ತಾಳಿ ಕಟ್ಟಿಸಿಕೊಂಡ ಮೇಲೆ ಎಲ್ಲ ಹೆಂಗಸರಂತೆ ಅವಳೂ ಆ ಹೆಸರನ್ನು ಬಾಯಿಂದ ಆಡಲಿಲ್ಲ. ಕೇಳಿದವರಿಗೆ 'ನಮ್ಮನೆಯೋರು', ಎದುರಿಗೆ 'ಏನಯ್ಯಾ'. ಅಷ್ಟರಲ್ಲೇ ಸಂಸಾರ ನಡೆಯಿತು.

ಮೂಡಲಪಾಳ್ಯದಲ್ಲಿ ಆಗ ಊರು ಬೇರೆ, ಕೇರಿ ಬೇರೆ. ಬದುಕಿದ್ದಾಗ ಕೇರಿಯವರ ನೆರಳು ಬೇಡವೆನ್ನುತ್ತಿದ್ದ ಮನೆಯವರೂ ಸಾವಾದೊಡನೆ ಮುನಿವೆಂಕಟಪ್ಪನಿಗೆ ಹೇಳಿಕಳಿಸುತ್ತಿದ್ದರು. ಅವನ ಅಪ್ಪ ಕುಣಿದಿದ್ದ, ಅಜ್ಜ ಕುಣಿದಿದ್ದ. ಆ ಕುಣಿತಕ್ಕೆ ಕಟ್ಟುಪಾಡುಗಳಿದ್ದವು. ಸತ್ತವರಿಗೆ ದಾರಿ ಗೊತ್ತಿರುವುದಿಲ್ಲ. ಕುಣಿಯುವವನು ಕಣ್ಣಿಗೆ ಕಣ್ಣಿಟ್ಟು ಕರೆದುಕೊಂಡು ಹೋಗಬೇಕು. ಬೆನ್ನು ತೋರಿಸಿದರೆ ಅವರು ಮನೆಗೆ ತಿರುಗಿಬಿಡುತ್ತಾರೆ. ಆದ್ದರಿಂದ ಪ್ರತಿ ಸಾವಿನ ದಿನವೂ ಚಟ್ಟ ಕಟ್ಟುವುದಕ್ಕೆ ಮುಂಚೆ ದಾರಿಯನ್ನು ಒಂದು ಸಲ ಹಿಮ್ಮಡಿಯಲ್ಲಿ ನಡೆದು ನೋಡಬೇಕು. ಅರ್ಧ ದಾರಿಯ ಹೊಂಗೆ ಮರದ ಕೆಳಗೆ ಚಟ್ಟ ಇಳಿಸಿ, ಸತ್ತವರಿಗೆ ದಿಕ್ಕು ತಪ್ಪುವಂತೆ ಸುತ್ತ ತಿರುಗಿಸಬೇಕು. ಅಲ್ಲಿಂದ ಹೆಂಗಸರು ವಾಪಸ್ಸು.

ಇನ್ನೊಂದು ಕಟ್ಟು ಎಲ್ಲಕ್ಕಿಂತ ಬಿಗಿಯಾದದ್ದು. ಚಟ್ಟ ಎತ್ತಿದಾಗಿನಿಂದ ಮಣ್ಣು ಮುಚ್ಚುವವರೆಗೆ ಯಾರೂ ಯಾರ ಹೆಸರನ್ನೂ ಕೂಗುವಂತಿಲ್ಲ. ಹೋಗುವ ಜೀವಕ್ಕೆ ಕಿವಿ ಕೊನೆಯಲ್ಲಿ ಸಾಯುತ್ತದಂತೆ. ಕೇಳಿದ ಹೆಸರನ್ನು ಅದು ಹಿಡಿದುಕೊಂಡು ಹೋಗುತ್ತದಂತೆ. ಮಗನನ್ನು ಅಪ್ಪ 'ಏಯ್' ಅನ್ನಬೇಕು, ಅಣ್ಣನನ್ನು ತಮ್ಮ 'ಇಲ್ನೋಡು' ಅನ್ನಬೇಕು. ಮುನಿಲಕ್ಷ್ಮಮ್ಮ ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆ ಹೇಳಿಕೊಟ್ಟ ಮೊದಲ ಪಾಠಗಳಲ್ಲಿ ಇದೂ ಒಂದು.

ಊರಿಂದ ಕೆರೆ ಅಂಚಿನ ಸ್ಮಶಾನದವರೆಗೆ ಆಗ ರಾಗಿ ಹೊಲ, ಅವರೆ ಹೊಲ, ನಡುವೆ ಒಂದು ಬದು. ಆ ಬದುವಿನ ಪ್ರತಿ ತಿರುವೂ ಮುನಿವೆಂಕಟಪ್ಪನ ಕಾಲಿಗೆ ಗೊತ್ತಿತ್ತು. ಎಪ್ಪತ್ತನೇ ಇಸವಿಯ ಆಚೀಚೆಗೆ ಬಡಾವಣೆ ಮಾಡುವ ಬೋರ್ಡಿನವರು ಬಂದು ಹೊಲದಲ್ಲಿ ಕಲ್ಲು ನೆಟ್ಟರು. ಮುಂದಿನ ವರ್ಷ ಬದು ಹೋಗಿ ಜಲ್ಲಿ ರಸ್ತೆ ಬಂತು. ಅದರ ಮುಂದಿನ ವರ್ಷ ರಸ್ತೆಯ ಎರಡೂ ಕಡೆ ಮನೆಗಳೆದ್ದವು. ಹೊಂಗೆ ಮರ ಉಳಿಯಿತು, ಆದರೆ ಅದೀಗ ಎರಡು ರಸ್ತೆ ಕೂಡುವ ಮೂಲೆಯಲ್ಲಿ ನಿಂತಿತ್ತು. ಅದರ ಎದುರಿಗೇ ತಾರಸಿ ಮನೆ, ಗೇಟು, ಗೇಟಿನ ಮೇಲೆ ನಂಬರು.

ಆ ಮೂಲೆ ಮನೆಗೆ ಬಾಡಿಗೆಗೆ ಬಂದವರು ಚನ್ನವೀರಪ್ಪ ಮತ್ತು ಕಮಲಾಕ್ಷಮ್ಮ. ದಾವಣಗೆರೆ ಕಡೆಯವರು. ಅವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಆಕೆ ಮನೆ ನೋಡಿಕೊಳ್ಳುವವರು. ಮುನಿಲಕ್ಷ್ಮಮ್ಮ ಆ ಮನೆಯ ಪಾತ್ರೆ ತಿಕ್ಕಲು ಸೇರಿಕೊಂಡಳು. ಹಿತ್ತಲ ಬಾಗಿಲಿಂದ ಬರಬೇಕು, ತಿಕ್ಕಿಟ್ಟ ಪಾತ್ರೆಗೆ ಕಮಲಾಕ್ಷಮ್ಮನೇ ಮತ್ತೊಮ್ಮೆ ನೀರು ಹಾಕಿ ಒಳಗೆ ಒಯ್ಯುತ್ತಾರೆ. ಅಷ್ಟು ಬಿಟ್ಟರೆ ಆಕೆ ಕೆಟ್ಟವರಲ್ಲ. ಹಬ್ಬದ ದಿನ ಹೋಳಿಗೆ ಕಟ್ಟಿಕೊಡುವರು, ಜ್ವರ ಬಂದರೆ ಮಾತ್ರೆ ಕೊಡುವರು.

ಮೊದಲ ಹೆಣ ಬಂದು ಗೇಟಿನ ಮುಂದೆ ಇಳಿದ ದಿನ ಕಮಲಾಕ್ಷಮ್ಮನಿಗೆ ಊಟ ಸೇರಲಿಲ್ಲ. ಮಾರನೆಯ ದಿನ ಮುನಿಲಕ್ಷ್ಮಮ್ಮನನ್ನು ಕೂರಿಸಿಕೊಂಡು ಕೇಳಿದರು.

"ಅಲ್ಲವ್ವಾ, ಅಷ್ಟು ದೊಡ್ಡ ರಸ್ತೆ ಬಿಟ್ಟು ನಮ್ಮ ಗೇಟಿನ ಮುಂದೇ ಇಳಿಸ್ಬೇಕಾ? ಆ ಮನುಷ್ಯ ಒಬ್ಬ ಹಿಂದ್ಹಿಂದಕ್ಕೆ ಕುಣೀತಾನಲ್ಲ, ಅವ್ನ ಕಣ್ಣು ನೋಡಿ ನನ್ನ ಮಗಳು ರಾತ್ರಿಯೆಲ್ಲ ಕಿರುಚಿದ್ಲು."

"ಅವ್ರು ನಮ್ಮನೆಯೋರು ಕಣವ್ವ," ಅಂದಳು ಮುನಿಲಕ್ಷ್ಮಮ್ಮ.

ಕಮಲಾಕ್ಷಮ್ಮ ಅವಳ ಮುಖ ನೋಡಿ, "ಹಂಗಾದ್ರೆ ನೀನೇ ಹೇಳ್ಬಹುದಲ್ಲ," ಅಂದರು.

ಹೇಳುವುದೇನು ಬಂತು. ಮರ ಇರುವುದು ಅಲ್ಲಿ. ಅವತ್ತಿನಿಂದ ತಮಟೆ ಸದ್ದು ಕೇಳಿದ ಕೂಡಲೇ ಕಮಲಾಕ್ಷಮ್ಮ ರಸ್ತೆ ಕಡೆಯ ಕಿಟಕಿಗಳನ್ನೆಲ್ಲ ಹಾಕಿ, ಮಗಳನ್ನು ನಡುಮನೆಯಲ್ಲಿ ಕೂರಿಸಿಕೊಳ್ಳುವರು. ಹೆಣ ಹೋದ ಮೇಲೆ ಗೇಟಿನವರೆಗೂ ನೀರು ಹೊಡೆದು ತೊಳೆಯುವ ಕೆಲಸ ಮುನಿಲಕ್ಷ್ಮಮ್ಮನಿಗೆ ಬೀಳುತ್ತಿತ್ತು. ಗಂಡ ಕುಣಿದ ಜಾಗವನ್ನು ಹೆಂಡತಿ ಪೊರಕೆ ಹಿಡಿದು ತೊಳೆಯುವುದು ನೋಡಿ ಕೇರಿಯ ತಮಟೆ ಕದಿರಪ್ಪ ಒಂದು ಸಲ ನಕ್ಕ. "ಚೆನ್ನಾಗೈತೆ ಅತ್ತಿಗೆ ನಿಮ್ ಸಂಸಾರ. ಅವ್ನು ಮೆಟ್ಟೋದು, ನೀನು ಒರ್ಸೋದು."

ಚನ್ನವೀರಪ್ಪನವರ ಸ್ವಭಾವ ಬೇರೆ. ಅವರು ಒಮ್ಮೆ ಗೇಟಿನ ಬಳಿ ನಿಂತು ಕುಣಿತವನ್ನು ಪೂರ್ತಿ ನೋಡಿದರು. ಬಡಾವಣೆಯ ಸಂಘದವರು ಮೈದಾನದಲ್ಲಿ ರಾಜ್ಯೋತ್ಸವ ಮಾಡಿದಾಗ, ಇಂಥ ಕಲೆ ಬೀದಿಯಲ್ಲಿ ಹಾಳಾಗಬಾರದು ಅಂತ ಹೇಳಿ ಮುನಿವೆಂಕಟಪ್ಪನನ್ನು ಸ್ಟೇಜಿಗೆ ಕರೆಸಿದರು. ಒಳ್ಳೆಯ ಮನಸ್ಸಿನಿಂದಲೇ ಕರೆಸಿದ್ದು. ಪೆಂಡಾಲು, ಟ್ಯೂಬ್‌ಲೈಟು, ಮುಂದಿನ ಸಾಲಿನಲ್ಲಿ ಕುರ್ಚಿ. ಮುನಿವೆಂಕಟಪ್ಪ ಮೇಲೆ ಹತ್ತಿ ಗೆಜ್ಜೆ ಕಟ್ಟಿಕೊಂಡು, ಯಾರನ್ನು ನೋಡಿಕೊಂಡು ಕುಣಿಯಲಿ ಅಂತ ಕೇಳಿದ. ಜನರನ್ನು ನೋಡಿ ಅಂದರು ಚನ್ನವೀರಪ್ಪ. ತಮಟೆ ಬಿತ್ತು. ಅವನು ಜನರ ಮುಖ ನೋಡುತ್ತಾ ಹಿಂದಕ್ಕೆ ಕುಣಿದ. ಮೂರು ಮಾರು ಹೋಗುವಷ್ಟರಲ್ಲಿ ಬೆನ್ನಿಗೆ ಪರದೆ ತಗುಲಿತು. ಅಲ್ಲೇ ನಿಂತ. ಹಿಂದಿನ ಸಾಲಿನಿಂದ ಹುಡುಗರು ಸಿಳ್ಳೆ ಹೊಡೆದರು, ಮುಂದಕ್ಕೆ ಬಾ ಗುರು ಅಂದರು. ಮುಂದಕ್ಕೆ ಹೆಜ್ಜೆ ಇಡುವುದು ಅವನಿಗೆ ಬಾರದು. ಗೆಜ್ಜೆ ಬಿಚ್ಚಿ ಕೈಯಲ್ಲಿ ಹಿಡಿದು ಇಳಿದು ಬಂದ.

ಮನೆಗೆ ಬರುವ ದಾರಿಯಲ್ಲಿ ಮುನಿಲಕ್ಷ್ಮಮ್ಮ ಏನಾಯಿತು ಅಂತ ಕೇಳಿದಳು.

"ಅವ್ರೆಲ್ಲ ಬದುಕಿರೋರು ಕಣಮ್ಮಿ," ಅಂದ. "ಯಾವ್ ಕಡೆಗೆ ಕರ್ಕೊಂಡ್ ಹೋಗ್ಲಿ?"

ಅವಳ ಭಯ ಬೇರೆಯೇ ಇತ್ತು. ಬಡಾವಣೆ ಬೆಳೆದಂತೆ ದಾರಿ ದಿನಕ್ಕೊಂದು ರೂಪವಾಗುತ್ತಿತ್ತು. ಇವತ್ತು ಇಲ್ಲದ ಚಪ್ಪಡಿ ನಾಳೆ ಇರುತ್ತಿತ್ತು, ನಾಳೆ ಇರುವ ಮರಳ ಗುಡ್ಡೆ ನಾಡಿದ್ದು ಇರುತ್ತಿರಲಿಲ್ಲ. ಒಂದು ಸಾವಿನಲ್ಲಿ ಯಾರೋ ಸೈಟಿಗೆ ಎಳೆದಿದ್ದ ಮುಳ್ಳುತಂತಿ ಅವನ ಮೀನಖಂಡವನ್ನು ಉದ್ದಕ್ಕೆ ಸೀಳಿತು. ರಕ್ತ ಸುರಿಸಿಕೊಂಡೇ ಸ್ಮಶಾನ ಮುಟ್ಟಿಸಿದ. ಇನ್ನೊಂದರಲ್ಲಿ ಮೋರಿಯ ಕಲ್ಲಿಗೆ ಹಿಮ್ಮಡಿ ಒಡೆದು ತಿಂಗಳುಗಟ್ಟಲೆ ಕುಂಟಿದ. ಆಮೇಲೆ ನೀರಿನ ಕೊಳಾಯಿ ಹಾಕುವುದಕ್ಕೆ ಗುಂಡಿ ತೋಡುವವರು ಬಂದರು. ಕೆಳಗೆಲ್ಲ ಬಂಡೆ. ಮದ್ದಿಟ್ಟು ಸಿಡಿಸಿ ಆಳುದ್ದ ತೋಡುತ್ತಿದ್ದರು. ಆ ಸದ್ದು ದಿನವೂ ಇದ್ದದ್ದೇ, ಯಾರೂ ತಿರುಗಿ ನೋಡುತ್ತಿರಲಿಲ್ಲ. ಗೋವಿಂದರಾಜನಗರದ ಹಾಲಿನವನ ಎಮ್ಮೆ ಅಂಥದೊಂದು ಗುಂಡಿಗೆ ಬಿದ್ದು, ಬಂಡೆಯ ಚೂಪಿಗೆ ಬೆನ್ನು ಮುರಿದುಕೊಂಡು, ಎತ್ತಲಾರದೆ ಎರಡು ದಿನ ಅಲ್ಲೇ ಕೂಗಿ ಸತ್ತಿತು. ಮುನಿಲಕ್ಷ್ಮಮ್ಮ ಕೆಲಸಕ್ಕೆ ಹೋಗುವಾಗ ಬರುವಾಗ ಆ ಕೂಗು ಕೇಳಿದ್ದಳು.

ಗಂಡನಿಗೆ ಬೇರೆ ಕೆಲಸ ಕೊಡಿಸಿ ಅಂತ ಅವಳು ಕಮಲಾಕ್ಷಮ್ಮನ ಕೈಕಾಲು ಹಿಡಿದಳು. ಅವರು ಗಂಡನಿಗೆ ಹೇಳಿದರು. ಚನ್ನವೀರಪ್ಪನವರಿಗೆ ಬೇಕಾದವರೊಬ್ಬರು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಗೇಟಿನ ಕಾವಲಿಗೆ ಒಬ್ಬ ನಂಬಿಗಸ್ಥ ಬೇಕು, ಯಾವಾಗ ಬಂದರೂ ಸೇರಿಸಿಕೊಳ್ಳುತ್ತೇವೆ ಅಂದರು. ಮುನಿವೆಂಕಟಪ್ಪ ಇಲ್ಲ ಅನ್ನಲಿಲ್ಲ, ಹೋಗಲೂ ಇಲ್ಲ. ಬೇರೆ ಯಾರಾದರೂ ಕಲಿಯಲಿ, ಆಮೇಲೆ ಹೋಗುತ್ತೇನೆ ಅನ್ನುತ್ತಿದ್ದ. ಕೇರಿಯ ಹುಡುಗರು ಆಗಲೇ ಕಾರ್ಖಾನೆಗೆ ಹೋಗುತ್ತಿದ್ದರು. ಹೆಣದ ಮುಂದೆ ಸಿನಿಮಾದವರಂತೆ ಸೊಂಟ ಆಡಿಸಲು ತಯಾರಿದ್ದರೇ ಹೊರತು ಹಿಂದಕ್ಕೆ ನಡೆಯಲು ಯಾರೂ ತಯಾರಿರಲಿಲ್ಲ.

"ಕಾಲು ಹೋದ್ಮೇಲೆ ಕಾರ್ಖಾನೆಯೋರು ಕರೀತಾರೇನಯ್ಯಾ?" ಅಂತ ಅವಳು ಒಂದು ದಿನ ಜೋರು ಮಾಡಿದಳು.

"ಬೆಳಿಗ್ಗೆ ನಡೆದು ನೋಡ್ತೀನಲ್ಲ, ನಂಗೇನಾಯ್ತದೆ," ಅಂದ ಅವನು. ಆ ಮಾತನ್ನು ಅವನು ಪೂರ್ತಿ ನಂಬಿದ್ದ.

ತುರ್ತು ಪರಿಸ್ಥಿತಿಯ ಎರಡನೇ ವರ್ಷ, ದೀಪಾವಳಿ ಕಳೆದ ಮೇಲೆ, ಕೇರಿಯ ಹನುಮಕ್ಕ ತೀರಿಕೊಂಡಳು. ಹನುಮಕ್ಕ ಸೂಲಗಿತ್ತಿ. ಕೇರಿಯಲ್ಲಿ ಅವಳ ಕೈಗೆ ಬೀಳದೆ ಹುಟ್ಟಿದವರು ಕಡಿಮೆ. ಮುನಿವೆಂಕಟಪ್ಪನೂ ಆ ಕೈಗೇ ಬಿದ್ದವನು. ಮುನಿಲಕ್ಷ್ಮಮ್ಮನ ಒಂದೇ ಮಗು, ಹುಟ್ಟಿದ ದಿನವೇ ಹೋದದ್ದು, ಅದೂ ಆ ಕೈಯಲ್ಲೇ ಹೋಗಿತ್ತು. ಅವತ್ತು ರಾತ್ರಿಯೆಲ್ಲ ಹನುಮಕ್ಕ ಅವಳ ಪಕ್ಕದಲ್ಲೇ ಕೂತಿದ್ದಳು.

ಬೆಳಿಗ್ಗೆ ಮುನಿವೆಂಕಟಪ್ಪ ದಾರಿ ನಡೆದು ನೋಡಿ ಬಂದ. ಎಲ್ಲ ಸರಿಯಿದೆ, ಮರಕ್ಕಿಂತ ಮುಂಚಿನ ತಿರುವಿನಲ್ಲಿ ಜಲ್ಲಿ ಗುಡ್ಡೆಯೊಂದಿದೆ, ಅಷ್ಟೇ ಅಂತ ಕದಿರಪ್ಪನಿಗೆ ಹೇಳಿದ. ಹನುಮಕ್ಕನ ಅಣ್ಣನ ಮಕ್ಕಳು ಮಾಗಡಿ ಕಡೆಯಿಂದ ಬರಬೇಕಾಗಿತ್ತು. ಅವರಿಗೆ ಬಸ್ಸು ತಪ್ಪಿತು. ಕಾದು ಕಾದು ಚಟ್ಟ ಎತ್ತುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಬೆಳಗಿನ ದಾರಿಯೇ ಮಧ್ಯಾಹ್ನಕ್ಕೂ ಇರುತ್ತದೆ ಅನ್ನುವುದು ಹೊಲದ ಬದುವಿನ ಕಾಲದ ಲೆಕ್ಕ. ಅದನ್ನು ಇನ್ನೊಮ್ಮೆ ನೋಡಬೇಕೆಂದು ಅವನಿಗೂ ತೋಚಲಿಲ್ಲ, ಬೇರೆ ಯಾರಿಗೂ ತೋಚಲಿಲ್ಲ.

ಹೆಂಗಸರು ಚಟ್ಟದ ಹಿಂದೆ ಸ್ವಲ್ಪ ದೂರ ಬಂದು, ಖಾಲಿ ಸೈಟಿನ ಅಡ್ಡದಾರಿ ಹಿಡಿದು, ಹೊಂಗೆ ಮರದ ಕೆಳಗೆ ಮೊದಲೇ ಬಂದು ನಿಲ್ಲುವುದು ವಾಡಿಕೆ. ಸತ್ತವರ ಬಾಯಿಗೆ ಅಕ್ಕಿಕಾಳು ಹಾಕಿ ಅಲ್ಲಿಂದ ಹಿಂದಿರುಗಬೇಕಲ್ಲ. ಮುನಿಲಕ್ಷ್ಮಮ್ಮ ಸೆರಗಿನ ತುದಿಯಲ್ಲಿ ಅಕ್ಕಿ ಗಂಟು ಹಾಕಿಕೊಂಡು ಎಲ್ಲರಿಗಿಂತ ಮುಂದೆ ನಡೆದು ಮರ ಮುಟ್ಟಿದಳು. ಮುಟ್ಟಿ ರಸ್ತೆಯ ಕಡೆ ತಿರುಗಿದಳು.

ಮರಕ್ಕೂ ತಿರುವಿಗೂ ನಡುವೆ, ರಸ್ತೆಯ ಈ ಅಂಚಿನಿಂದ ಆ ಅಂಚಿಗೆ, ಗುಂಡಿ ಬಾಯಿ ತೆರೆದುಕೊಂಡಿತ್ತು. ತೋಡಿದ ಕೆಮ್ಮಣ್ಣು ಇನ್ನೂ ಹಸಿ. ಪಿಕಾಸಿ ಬಾಂಡ್ಲಿ ಬಿದ್ದಿದ್ದವು. ಕೂಲಿಯವರು ಹೊರಗಿನವರು, ತಮಟೆ ಸದ್ದು ಕೇಳಿ ಹೆಣಕ್ಕೆ ಹೆದರಿ ದೂರದ ಗೋಡೆಯ ಮರೆಗೆ ಹೋಗಿ ಕೂತಿದ್ದರು. ಮೂಲೆ ಮನೆಯ ಕಿಟಕಿಗಳು ಹಾಕಿದ್ದವು. ಅವಳು ಬಗ್ಗಿ ನೋಡಿದಳು. ತಳದಲ್ಲಿ ಸಿಡಿಸಿದ ಬಂಡೆ ಹಲ್ಲಿನ ಹಾಗೆ ಎದ್ದು ನಿಂತಿತ್ತು.

ಅಷ್ಟರಲ್ಲಿ ಜಲ್ಲಿ ಗುಡ್ಡೆಯ ಮರೆಯಿಂದ ಗಂಡನ ಬೆನ್ನು ಕಾಣಿಸಿತು. ತಮಟೆಯವರು ಚಟ್ಟದ ಅಕ್ಕಪಕ್ಕ ಇದ್ದರು. ಅವರು ಇನ್ನೂ ತಿರುವಿನಲ್ಲೇ, ಜಲ್ಲಿ ಗುಡ್ಡೆ ಅವರಿಗೆ ಗುಂಡಿಯನ್ನು ಮರೆಮಾಡಿತ್ತು. ಅವನೊಬ್ಬನೇ ತಿರುವು ದಾಟಿದ್ದ. ಹಿಮ್ಮಡಿ ಜಲ್ಲಿಯನ್ನು ಸವರಿ, ಬೆಳಿಗ್ಗೆ ಕಂಡ ಗುಡ್ಡೆ ಇದೇ ಎಂದು ಖಾತ್ರಿ ಮಾಡಿಕೊಂಡು, ಮುಂದಿನದೆಲ್ಲ ಸಮ ರಸ್ತೆ ಅನ್ನುವ ಧೈರ್ಯದಲ್ಲಿ ಹೆಜ್ಜೆ ದೊಡ್ಡದಾಯಿತು. ಹನುಮಕ್ಕನಿಗೆ ಅವನು ಬೇರೆಲ್ಲರಿಗಿಂತ ಚೆನ್ನಾಗಿ ಕುಣಿಯುತ್ತಿದ್ದ. ಮೈಯೆಲ್ಲ ಬೆವರಿ ಹೊಳೆಯುತ್ತಿತ್ತು.

ಮುನಿಲಕ್ಷ್ಮಮ್ಮ ಗುಂಡಿಯ ಈ ಕಡೆ, ಅವನು ಆ ಕಡೆ. ಓಡಿ ಹಿಡಿಯುವಂತಿಲ್ಲ. ಅವಳು ಏಯ್ ಅಂದಳು, ನಿಲ್ಲು ಅಂದಳು, ಅಯ್ಯೋ ಅಂತ ಎದೆ ಬಡಿದುಕೊಂಡಳು. ಹಿಂದೆ ಬಂದ ಹೆಂಗಸರೂ ನೋಡಿ ಬಾಯಿ ಬಡಿದುಕೊಂಡರು. ಹೆಣದ ಮುಂದೆ ಹೆಂಗಸರು ಎದೆ ಬಡಿದುಕೊಂಡು ಅಳುವುದನ್ನು ಅವನು ಹುಟ್ಟಿದಾಗಿನಿಂದ ಕೇಳಿದ್ದಾನೆ. ಆ ಸದ್ದಿಗೆ ಅವನ ಕಿವಿ ಎಂದೋ ಮುಚ್ಚಿಹೋಗಿತ್ತು. ಕಣ್ಣು ಹನುಮಕ್ಕನ ಮುಖದ ಮೇಲೆ. ಕಾಲು ಹಿಂದಕ್ಕೆ.

ಆ ಜಾಗದಲ್ಲಿ ಅವನು ಎಂದೂ ಕೇಳಿರದ ಸದ್ದು ಒಂದೇ ಒಂದು. ಅದು ಅವಳಿಗೆ ಗೊತ್ತಿತ್ತು. ಅದನ್ನು ಕೂಗಿದರೆ ಏನಾಗುತ್ತದೆ ಅನ್ನುವುದೂ ಗೊತ್ತಿತ್ತು.

"ಮುನಿವೆಂಕಟಪ್ಪಾ!"

ತಮಟೆಗಳು ಒಂದೊಂದಾಗಿ ನಿಂತವು. ಅವನು ನಿಂತ. ಎಡಗಾಲ ಹಿಮ್ಮಡಿ ಗುಂಡಿಯ ಬಾಯಿಯ ಮೇಲಿತ್ತು. ಹಸಿ ಮಣ್ಣು ಕಳಚಿ ಒಳಗೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಆಮೇಲೆ ಅವನು ಮೆಲ್ಲಗೆ ಕಾಲೆಳೆದುಕೊಂಡು, ಬದುಕಿನಲ್ಲಿ ಮೊದಲ ಸಲ ಚಟ್ಟಕ್ಕೆ ಬೆನ್ನು ತಿರುಗಿಸಿ, ಕೂಗಿದವರು ಯಾರೆಂದು ನೋಡಿದ.

ಹೆಂಡತಿಯ ಬಾಯಲ್ಲಿ ತನ್ನ ಹೆಸರನ್ನು ಅವನು ಅವತ್ತೇ ಮೊದಲು ಕೇಳಿದ್ದು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಬಾಗಿಲು ಹಾಕಿಕೊಂಡ ಮನೆಯ ಹಾಗಿತ್ತು.

ಗುಂಡಿಯನ್ನು ಎಲ್ಲರೂ ನೋಡಿದರು. ಯಾರೂ ಅದರ ಮಾತೆತ್ತಲಿಲ್ಲ. ಹೆಂಗಸರು ಅವಳಿಂದ ಒಂದೊಂದು ಹೆಜ್ಜೆ ಹಿಂದೆ ಸರಿದರು. ಕೇರಿಯ ಯಜಮಾನ ಮುನಿಶಾಮಪ್ಪ ಕೈಸನ್ನೆ ಮಾಡಿ ಅವಳನ್ನು ಮನೆಗೆ ಹೋಗೆಂದ. ಚಟ್ಟ ಹೊಂಗೆ ಮರಕ್ಕೆ ಬರಲೇ ಇಲ್ಲ. ಬೇರೆ ರಸ್ತೆ ಬಳಸಿಕೊಂಡು, ತಮಟೆಯಿಲ್ಲದೆ, ಕುಣಿತವಿಲ್ಲದೆ ಹೋಯಿತು. ಹನುಮಕ್ಕನ ಬಾಯಿಗೆ ಹಾಕಬೇಕಾಗಿದ್ದ ಅಕ್ಕಿ ಮುನಿಲಕ್ಷ್ಮಮ್ಮನ ಸೆರಗಿನಲ್ಲೇ ಉಳಿಯಿತು.

ಸ್ಮಶಾನದಲ್ಲಿ ನಡೆದದ್ದನ್ನು ಕದಿರಪ್ಪ ಆಮೇಲೆ ಅವಳಿಗೆ ಹೇಳಿದ. ಹೆಸರು ಹನುಮಕ್ಕನ ಕಿವಿಗೆ ಬಿದ್ದಾಗಿದೆ, ಇನ್ನು ಅದು ಅವಳದು ಅಂದ ಯಜಮಾನ. ಹೆಸರಿನ ಜೊತೆ ಮನುಷ್ಯನೂ ಹೋಗದಿರಬೇಕಾದರೆ ಆ ಹೆಸರಿನವನು ಏನು ಮಾಡುತ್ತಿದ್ದನೋ ಅದನ್ನು ಅವಳಿಗೆ ಕೊಟ್ಟು ಕಳಿಸಬೇಕು. ಮುನಿವೆಂಕಟಪ್ಪ ತಾನೇ ಹೆಣ ಹೂಳುವ ಗುಂಡಿಗಿಳಿದು, ಅಜ್ಜನ ಕಾಲದ ಗೆಜ್ಜೆಯನ್ನು ಹನುಮಕ್ಕನ ಪಕ್ಕದಲ್ಲಿಟ್ಟು, ಮೊದಲ ಹಿಡಿ ಮಣ್ಣು ಹಾಕಿದ. ಸಾವು ಕಣ್ಣೆತ್ತಿಯೂ ನೋಡದಂಥ ಹೆಸರು ಇರಲಿ ಅಂತ ಯಜಮಾನ ಅವನಿಗೆ ತಿಪ್ಪಯ್ಯ ಅಂತ ಹೆಸರಿಟ್ಟ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸಿಗೆ ಇಡುವ ಹೆಸರು ಅದು. ನಲವತ್ತು ದಾಟಿದ ಗಂಡಸು ತಲೆತಗ್ಗಿಸಿ ಇಡಿಸಿಕೊಂಡ.

ಅವನು ಮನೆಗೆ ಬಂದಾಗ ಸಂಜೆ. ಅವಳು ಬಾಗಿಲಲ್ಲಿ ನೀರಿಟ್ಟುಕೊಂಡು ಕಾದಿದ್ದಳು. ಕಾಲು ತೊಳೆದುಕೊಂಡ. ಅವಳು ಅವನ ಎರಡೂ ಕಾಲುಗಳನ್ನು ನೋಡಿದಳು. ಎರಡೂ ಇದ್ದವು.

"ಏನಯ್ಯಾ, ಬೈಯೋದಾದ್ರೆ ಬೈದ್ಬಿಡು," ಅಂದಳು.

"ಬೈಯೋಕೆ ನಾನ್ಯಾರು," ಅಂದ. ಗೋಡೆಗೊರಗಿ ಕೂತ. ಅಂಗಾಲು ಒರೆಸಿಕೊಳ್ಳುತ್ತಾ ಒಂದು ಮಾತು ಸೇರಿಸಿದ: "ಅವ್ಳನ್ನ ಅರ್ಧ ದಾರೀಲಿ ಬಿಟ್ಬಿಟ್ಟೆ ಕಣಮ್ಮಿ. ಹುಟ್ಸಿದ್ ಕೈ ಅದು."

"ಬಿದ್ದಿದ್ರೆ ನೀನು ಉಳೀತಿದ್ಯಾ? ಆ ಎಮ್ಮೆ ಕೂಗಿದ್ದು ನೀನು ಕೇಳಿಲ್ವಾ?"

"ಬಿದ್ದಿದ್ರೆ ಮುನಿವೆಂಕಟಪ್ಪ ಬಿದ್ದ ಅಂತಿದ್ರು."

ಅವಳು ನೀರಿನ ಗಡಿಗೆ ಎತ್ತಿಕೊಂಡು ಒಳಗೆ ಹೋದಳು.

ಕೇರಿಯಲ್ಲಿ ಅವಳನ್ನು ಯಾರೂ ಎದುರಿಗೆ ಬೈಯಲಿಲ್ಲ. ಆದರೆ ಬಾಣಂತಿಯರ ಮನೆಗೆ ಅವಳನ್ನು ಕರೆಯುವುದು ನಿಂತಿತು. ನೀರಿನ ನಲ್ಲಿಯ ಹತ್ತಿರ ಅವಳು ಬಂದರೆ ಹೆಂಗಸರು ತಮ್ಮ ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮೂಲೆ ಮನೆಯಲ್ಲಿ ಮಾತ್ರ ಸಂತೋಷವಾಯಿತು. ಗುಂಡಿಯ ವಿಷಯ ಕೇಳಿ ಕಮಲಾಕ್ಷಮ್ಮ ಬೆಚ್ಚಿಬಿದ್ದರು. ಬೆಳಿಗ್ಗೆ ಹತ್ತು ಗಂಟೆಯಿಂದ ಅದನ್ನು ತೋಡುವುದನ್ನು ಅವರು ಅದೇ ಕಿಟಕಿಯಿಂದ ನೋಡಿದ್ದರಂತೆ. ತಮಟೆ ಕೇಳಿದಾಗ ಯಾವಾಗಿನಂತೆ ಕಿಟಕಿ ಹಾಕಿದರಂತೆ. ಆಮೇಲೆ ಸುಧಾರಿಸಿಕೊಂಡು ಅಂದರು:

"ಹೋಗ್ಲಿ ಬಿಡವ್ವಾ, ನೀನು ಕೇಳಿಕೊಂಡಂಗೇ ಆಯ್ತಲ್ಲ. ಗಂಡನ ಕಾಲೂ ಉಳೀತು, ಕುಣಿತಾನೂ ಬಿಡ್ತು."

ಮುನಿಲಕ್ಷ್ಮಮ್ಮ ಪಾತ್ರೆ ತಿಕ್ಕುತ್ತಲೇ ಇದ್ದಳು. ಆಕೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವಳು ದೇವರಲ್ಲಿ ಬೇಡಿಕೊಂಡದ್ದು ಅಷ್ಟೇ.

ಆದರೆ ಮನೆಗೆ ಬರುತ್ತಿದ್ದವನು ಬೇರೆ ಯಾರೋ. ಮುನಿವೆಂಕಟಪ್ಪ ಊಟಕ್ಕೆ ಕೂತಾಗ ಕಾಲ್ಬೆರಳಿನಿಂದ ನೆಲಕ್ಕೆ ತಾಳ ಹಾಕುತ್ತಿದ್ದ. ತಿಪ್ಪಯ್ಯ ಹಾಕುತ್ತಿರಲಿಲ್ಲ. ಮುನಿವೆಂಕಟಪ್ಪ ಮಾತಾಡುವಾಗ ಎದುರಿನವರ ಮುಖದಿಂದ ಕಣ್ಣು ತೆಗೆಯುತ್ತಿರಲಿಲ್ಲ. ಹೊಸದಾಗಿ ಬಂದಾಗ ಅವಳು ಆ ನೋಟಕ್ಕೆ ಅಂಜಿದ್ದಳು, ಆಮೇಲೆ ಅದಕ್ಕೇ ಒಗ್ಗಿದ್ದಳು. ತಿಪ್ಪಯ್ಯ ನೆಲ ನೋಡಿಕೊಂಡು ಮಾತಾಡುತ್ತಾನೆ. ದಾರಿಯಲ್ಲಿ ಹಳಬರು ಯಾರಾದರೂ ಮರೆತು ಹಳೆಯ ಹೆಸರಿನಿಂದ ಕರೆದರೆ ತಿರುಗುವುದಿಲ್ಲ. ಅವಳಿಗೂ ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಒಮ್ಮೆ ಕರೆದು ನೋಡೋಣ ಅನ್ನಿಸಿತು. ಹೇಗೂ ಬಾಯಿಂದ ಹೊರಟಾಗಿದೆ, ಇನ್ನೇನು ಉಳಿದಿದೆ ಅಂದುಕೊಂಡು ಮೆಲ್ಲಗೆ ಕರೆದಳು. ಅವನು ಬೀಡಿ ಕಟ್ಟಿನ ದಾರ ಬಿಚ್ಚುತ್ತಾ ಕೂತಿದ್ದ. ದಾರ ಬಿಚ್ಚುವುದು ನಿಲ್ಲಲಿಲ್ಲ.

ಹನುಮಕ್ಕ ಸತ್ತ ಮಾರನೆಯ ವಾರವೇ ಹೊಂಗೆ ಮರವನ್ನೂ ಕಡಿದಿದ್ದರು, ಕೊಳಾಯಿ ಆ ಕಡೆಯಿಂದ ತಿರುಗಬೇಕಾಗಿತ್ತಂತೆ. ಈಗ ಮೂಡಲಪಾಳ್ಯದ ಹೆಣಗಳು ದೊಡ್ಡ ರಸ್ತೆಯಲ್ಲೇ ಹೋಗುತ್ತವೆ. ಇಳಿಸುವ ಜಾಗ ಅಂತ ಒಂದಿಲ್ಲ. ಬಸ್ಸು ಬಂದರೆ ನಿಲ್ಲುತ್ತಾರೆ, ಇಲ್ಲದಿದ್ದರೆ ನಡೆಯುತ್ತಾರೆ. ಮುಂದೆ ಹುಡುಗರು ಕುಣಿಯುತ್ತಾರೆ, ರಸ್ತೆಯ ಕಡೆ ಮುಖ ಮಾಡಿಕೊಂಡು. ತಮಟೆ ಸದ್ದು ಕೇಳಿದರೆ ತಿಪ್ಪಯ್ಯ ಎದ್ದು ಒಳಗೆ ಹೋಗುತ್ತಾನೆ. ಮುನಿಲಕ್ಷ್ಮಮ್ಮ ಹೊಸ್ತಿಲಲ್ಲೇ ನಿಂತು ಸದ್ದು ದೂರವಾಗುವವರೆಗೆ ಕಾಯುತ್ತಾಳೆ.

ತಿಪ್ಪಯ್ಯ ಈಗ ರಾಜಾಜಿನಗರದ ಆ ಕಾರ್ಖಾನೆಯಲ್ಲಿ ಗೇಟಿನ ಕಾವಲಿಗಿದ್ದಾನೆ. ಲಾರಿ ಬಂದರೆ ಗೇಟು ತೆಗೆಯುತ್ತಾನೆ, ಹೋದರೆ ಹಾಕುತ್ತಾನೆ.